ಊರಿಗೆ ಬಂದರೂ ಬಿಡದ ಲೆಕ್ಕ: ಗ್ರೀನ್ ಕಾರ್ಡ್ ಮತ್ತು ಅಮೆರಿಕದ ತೆರಿಗೆಯ ಚರಿತ್ರೆ

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದವರು ವಯಸ್ಸಾದ ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಬಂದು, ಇಲ್ಲಿಂದಲೇ ಅಲ್ಲಿನ ಕಂಪನಿಗೆ ಕೆಲಸ ಮಾಡುವುದನ್ನು ಕೊರೊನಾ ನಂತರ ನಾವೆಲ್ಲ ನೋಡುತ್ತಿದ್ದೇವೆ. ಇಂಥವರಿಗೆ ಒಂದು ಪ್ರಶ್ನೆ ಏಳುವುದು ಸಹಜ: 'ನಾನಿರುವುದು ಇಲ್ಲಿ, ತೆರಿಗೆ ಕಟ್ಟುವುದೂ ಇಲ್ಲಿ. ಅಮೆರಿಕಕ್ಕೆ ಯಾಕೆ ಲೆಕ್ಕ ಕೊಡಬೇಕು?' ಇದಕ್ಕೆ ಉತ್ತರ ಬೇಕಾದರೆ ನೂರ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಮೆರಿಕ ಮೊದಲ ಆದಾಯ ತೆರಿಗೆ ಕಾಯ್ದೆ ಮಾಡಿದ್ದು 1861ರಲ್ಲಿ, ಅಂತರ್ಯುದ್ಧದ ಖರ್ಚಿಗಾಗಿ. ವರ್ಷಕ್ಕೆ 800 ಡಾಲರ್ ಮೀರಿದ ಆದಾಯಕ್ಕೆ ಶೇ. 3 ತೆರಿಗೆ. ಆದರೆ ಹೊರದೇಶದಲ್ಲಿ ಕುಳಿತ ಪ್ರಜೆ ಅಮೆರಿಕದ ಆಸ್ತಿಯಿಂದ ಪಡೆಯುವ ಆದಾಯಕ್ಕೆ ಶೇ. 5. ದೇಶ ಹೊತ್ತಿ ಉರಿಯುವಾಗ ದೂರ ಉಳಿದವರ ಮೇಲಿನ ಸಿಟ್ಟು ಆ ದರದಲ್ಲೇ ಕಾಣುತ್ತದೆ. 1864ರ ಕಾಯ್ದೆ ಇನ್ನೂ ಮುಂದೆ ಹೋಗಿ, ಪ್ರಜೆ ಪ್ರಪಂಚದಲ್ಲಿ ಎಲ್ಲೇ ಇದ್ದರೂ, ಎಲ್ಲಿಂದ ದುಡಿದರೂ ತೆರಿಗೆ ಎಂದಿತು. ಯುದ್ಧ ಮುಗಿದು, 1872ರಲ್ಲಿ ಆ ತೆರಿಗೆಯೂ ನಿಂತಿತು. ಆದರೆ 1913ರಲ್ಲಿ ಸಂವಿಧಾನದ 16ನೇ ತಿದ್ದುಪಡಿಯ ನಂತರ ಆದಾಯ ತೆರಿಗೆ ಕಾಯಂ ಆಗಿ ಮರಳಿದಾಗ, ಯುದ್ಧಕಾಲದ ಆ ನಿಯಮವೂ ಜೊತೆಗೇ ಬಂತು.

ಇದನ್ನು ಪ್ರಶ್ನಿಸಿದವರು ಜಾರ್ಜ್ ಕುಕ್. ಇವರು ಮೆಕ್ಸಿಕೊ ನಗರದಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆ. ಆದಾಯವೂ ಮೆಕ್ಸಿಕೊದ ಆಸ್ತಿಯಿಂದಲೇ. ತೆರಿಗೆಯ ಮೊದಲ ಕಂತು 298 ಡಾಲರ್ ಚಿಲ್ಲರೆ ಕಟ್ಟಿ, ಅದನ್ನು ವಾಪಸ್ ಕೊಡಿ ಎಂದು ದಾವೆ ಹೂಡಿದರು. 1924ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಪ್ರಜೆ ಎಲ್ಲಿದ್ದರೂ ಸರ್ಕಾರದ ರಕ್ಷಣೆ ಅವನಿಗೆ ಇದೆ, ಹಾಗಾಗಿ ತೆರಿಗೆ ಹಾಕುವ ಅಧಿಕಾರವೂ ಇದೆ ಎಂಬುದು ಕೋರ್ಟಿನ ವಾದ. ಎರಡು ವರ್ಷದ ನಂತರ, 1926ರಲ್ಲಿ, ಹೊರದೇಶದಲ್ಲಿ ದುಡಿದ ಸಂಬಳಕ್ಕೆ ವಿನಾಯಿತಿ ಬಂತು. ಅಮೆರಿಕದ ವ್ಯಾಪಾರ ಹೊರಗೆ ಬೆಳೆಯಲಿ ಎಂಬುದು ಅದರ ಉದ್ದೇಶ.

ಇಷ್ಟೂ ಪ್ರಜೆಗಳ ಕಥೆ. ಗ್ರೀನ್ ಕಾರ್ಡಿನವರು ಪ್ರಜೆಗಳಲ್ಲ, ದೇಶದ ಚುನಾವಣೆಯಲ್ಲಿ ಅವರಿಗೆ ಮತವೂ ಇಲ್ಲ. ಅವರು ಈ ಬಲೆಗೆ ಬಿದ್ದದ್ದು ಹೇಗೆ?

1984ರವರೆಗೆ ಪ್ರಜೆಯಲ್ಲದವನು ತೆರಿಗೆಯ ಮಟ್ಟಿಗೆ 'ನಿವಾಸಿ'ಯೇ ಅಲ್ಲವೇ ಎಂಬುದನ್ನು ಅವನ ಉದ್ದೇಶ, ಮನೆ, ವಾಸದ ಅವಧಿ ನೋಡಿ ತೀರ್ಮಾನಿಸುತ್ತಿದ್ದರು. ಪ್ರತಿ ಪ್ರಕರಣಕ್ಕೂ ತಕರಾರು. ಆ ವರ್ಷ ಕಾಂಗ್ರೆಸ್ ಎರಡು ಅಳತೆಗೋಲು ತಂದಿತು: ಒಂದು, ಅಮೆರಿಕದಲ್ಲಿ ಕಳೆದ ದಿನಗಳ ಲೆಕ್ಕ, ಇನ್ನೊಂದು, ಗ್ರೀನ್ ಕಾರ್ಡ್. ಕಾರ್ಡ್ ಇದ್ದರೆ ನಿವಾಸಿ. ಆ ಸ್ಥಾನಮಾನವನ್ನು ವಿಧಿವತ್ತಾಗಿ ಬಿಟ್ಟುಕೊಡುವವರೆಗೆ ಅಥವಾ ಸರ್ಕಾರ ರದ್ದು ಮಾಡುವವರೆಗೆ, ಇಡೀ ವರ್ಷ ತೀರ್ಥಹಳ್ಳಿಯಲ್ಲಿದ್ದರೂ ಸಾಮಾನ್ಯವಾಗಿ ಅವರು ನಿವಾಸಿಯೇ. ಕಾರ್ಡಿನ ಮೇಲಿನ ದಿನಾಂಕ ಮುಗಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಲೆಕ್ಕ ಕೊಡುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸಂಬಳ ಯಾವ ದೇಶದ್ದು ಎಂಬುದನ್ನು ಕಂಪನಿಯ ವಿಳಾಸ ಹೇಳುವುದಿಲ್ಲ, ಕೆಲಸ ಮಾಡಿದ ಜಾಗ ಹೇಳುತ್ತದೆ. ಸಾಗರದಲ್ಲಿ ಕುಳಿತು ಕ್ಯಾಲಿಫೋರ್ನಿಯಾದ ಕಂಪನಿಗೆ ದುಡಿದರೂ ಅದು ಭಾರತದಲ್ಲಿ ದುಡಿದ ಸಂಬಳ. ಭಾರತವೂ ಅದಕ್ಕೆ ತೆರಿಗೆ ಹಾಕುತ್ತದೆ. ಅಮೆರಿಕದ ರಿಟರ್ನಿನಲ್ಲಿ ಎರಡು ದಾರಿಗಳಿವೆ. ಹನ್ನೆರಡು ತಿಂಗಳಲ್ಲಿ 330 ಪೂರ್ಣ ದಿನ ಹೊರಗಿದ್ದವರು ನಮೂನೆ 2555ರಲ್ಲಿ ವಿನಾಯಿತಿ ಕೇಳಬಹುದು. 2025ಕ್ಕೆ ಅದರ ಮಿತಿ 1,30,000 ಡಾಲರ್. ಇಲ್ಲವೇ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ನಮೂನೆ 1116ರಲ್ಲಿ ವಜಾ ಮಾಡಿಕೊಳ್ಳಬಹುದು. ಹಲವರಿಗೆ ಕೊನೆಗೆ ಸಂಬಳದ ಮೇಲೆ ಕಟ್ಟಬೇಕಾದದ್ದು ಸೊನ್ನೆ. ಆದರೆ ಆ ಸೊನ್ನೆ ತಾನಾಗಿ ಬರುವುದಿಲ್ಲ, ರಿಟರ್ನ್ ಸಲ್ಲಿಸಿ ಕೇಳಿ ಪಡೆಯಬೇಕು. ಕಂಪನಿಯ ನೌಕರರಾಗಿರದೆ ಗುತ್ತಿಗೆ ಮೇಲೆ ಸ್ವಂತವಾಗಿ ದುಡಿಯುವವರ ಮಾತು ಬೇರೆ. ಭಾರತ-ಅಮೆರಿಕದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದಿರುವುದರಿಂದ ಅವರಿಗೆ ಸ್ವಯಂ ಉದ್ಯೋಗ ತೆರಿಗೆ ಬೀಳುತ್ತದೆ.

ಬ್ಯಾಂಕ್ ಖಾತೆಗಳ ವರದಿಗೆ ಇನ್ನೊಂದು ಚರಿತ್ರೆ ಇದೆ. ಅದರ ಮೂಲ 1970ರ ಬ್ಯಾಂಕ್ ಗೋಪ್ಯತಾ ಕಾಯ್ದೆ. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವರದಿ ಕೊಡಬೇಕು. ಅಮ್ಮನ ಜೊತೆಗಿನ ಜಂಟಿ ಖಾತೆಯೂ ಇದರಲ್ಲಿ ಸೇರುತ್ತದೆ. 2010ರ ಫ್ಯಾಟ್ಕಾ ಕಾಯ್ದೆ ಬಂದು, 2015ರಲ್ಲಿ ಭಾರತ ಅದಕ್ಕೆ ಒಪ್ಪಂದ ಮಾಡಿಕೊಂಡ ಮೇಲೆ ಇಲ್ಲಿನ ಬ್ಯಾಂಕುಗಳ ಮೂಲಕವೇ ಖಾತೆಯ ವಿವರ ಅಲ್ಲಿಗೆ ಹೋಗುತ್ತದೆ. ಅಲೆಕ್ಸಾಂಡ್ರು ಬಿಟ್ನರ್ ಎಂಬವರಿಗೆ, ಬೇಕೆಂದು ಮಾಡದ ತಪ್ಪಿಗೂ, 272 ಖಾತೆಗಳ ಲೆಕ್ಕದಲ್ಲಿ 27.2 ಲಕ್ಷ ಡಾಲರ್ ದಂಡ ಬಿದ್ದಿತ್ತು. ದಂಡ ಖಾತೆಗೆ ಒಂದರಂತೆ ಅಲ್ಲ, ವರದಿಗೆ ಒಂದರಂತೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ ಅದು 50,000ಕ್ಕೆ ಇಳಿಯಿತು.

'ನಾನು ಭಾರತದ ನಿವಾಸಿ' ಎಂದುಬಿಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. 1989ರಲ್ಲಿ ಸಹಿಯಾದ ಭಾರತ-ಅಮೆರಿಕ ತೆರಿಗೆ ಒಪ್ಪಂದ ಆ ಅವಕಾಶವನ್ನೂ ಕೊಡುತ್ತದೆ. ಆದರೆ ಅದಕ್ಕೆ ಬೆಲೆ ಇದೆ. ಅಮೆರಿಕದ ತೆರಿಗೆಯಲ್ಲಿ ಅನಿವಾಸಿ ಎಂದು ಹೇಳಿಕೊಂಡದ್ದನ್ನು ವಲಸೆ ಇಲಾಖೆ ಗ್ರೀನ್ ಕಾರ್ಡ್ ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಹಿಡಿಯಬಹುದು. ಅದರ ಮೇಲೆ 2008ರ ಕಾಯ್ದೆ ಇದೆ. ಹದಿನೈದು ವರ್ಷದಲ್ಲಿ ಎಂಟು ವರ್ಷ ಕಾರ್ಡ್ ಇದ್ದವರು ಹೀಗೆ ಹೊರಬಂದರೆ ದೇಶ ತೊರೆದವರ ಸಾಲಿಗೆ ಸೇರುತ್ತಾರೆ. ಹಿಂದಿನ ಐದು ವರ್ಷದ ತೆರಿಗೆ ಲೆಕ್ಕ ಸರಿಯಿದೆ ಎಂದು ಪ್ರಮಾಣ ಮಾಡಿ ಹೇಳಲಾಗದವರು, ದೊಡ್ಡ ಶ್ರೀಮಂತರಲ್ಲದಿದ್ದರೂ, ನಿರ್ಗಮನ ತೆರಿಗೆಯ ವ್ಯಾಪ್ತಿಗೆ ಬರುತ್ತಾರೆ.

ಅಂದರೆ ಕಾರ್ಡ್ ಉಳಿಸಿಕೊಳ್ಳಲೂ ಲೆಕ್ಕ ಬೇಕು, ಬಿಟ್ಟುಕೊಡಲೂ ಲೆಕ್ಕ ಬೇಕು. ಯುದ್ಧಕಾಲದಲ್ಲಿ ಹೊರಗಿದ್ದ ಪ್ರಜೆಯನ್ನು ಹಿಡಿಯಲು ಹೆಣೆದ ಕಾನೂನು ಈಗ ಅಪ್ಪನ ಔಷಧಿ, ಅಮ್ಮನ ಆಸ್ಪತ್ರೆ ಎಂದು ಊರಿಗೆ ಬಂದವರನ್ನೂ ಹಿಡಿದಿದೆ. ಇದು ನ್ಯಾಯವೇ ಎಂದು ಕೇಳುವುದು ನ್ಯಾಯವೇ. ಆದರೆ ಆ ಚರ್ಚೆ ಮುಗಿಯುವವರೆಗೆ ಏಪ್ರಿಲ್ 15 ಕಾಯುವುದಿಲ್ಲ. ಹೊರದೇಶದಲ್ಲಿರುವವರಿಗೆ ರಿಟರ್ನ್ ಸಲ್ಲಿಸಲು ಜೂನ್ 15ರವರೆಗೆ ಸಮಯವಿದ್ದರೂ, ಬಾಕಿಗೆ ಬಡ್ಡಿ ಏಪ್ರಿಲ್‌ನಿಂದಲೇ ಏರುತ್ತದೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಇಂಥವರಿದ್ದರೆ ಇಷ್ಟನ್ನು ಅವರ ಕಿವಿಗೆ ಹಾಕಿ. ಎರಡೂ ದೇಶದ ಕಾನೂನು ಬಲ್ಲ ಲೆಕ್ಕಪರಿಶೋಧಕರನ್ನು ಕೇಳುವ ಕೆಲಸ ಕಾರ್ಡ್ ಕೈಯಲ್ಲಿರುವಾಗಲೇ ಆಗಲಿ.