ಕಾಲಡಿಯ ಚರಿತ್ರೆ – 6: ಆ ಹಳದಿ ಟೈಲ್ಸ್

ಮೊದಲ ಫೋಟೋ ನೋಡಿ. ಮೆಟ್ರೋ ಸ್ಟೇಷನ್, ನೆಲದಲ್ಲಿ ಉಬ್ಬು ಉಬ್ಬಾದ ಹಳದಿ ಟೈಲ್ಸ್. ನೀವು ದಿನಾ ತುಳಿದುಕೊಂಡು ಹೋಗೋದೇ. ಟ್ರಾಲಿ ಬ್ಯಾಗ್ ಎಳೆದಾಗ ಗಡಗಡ ಅನ್ನುತ್ತೆ ಅನ್ನೋದು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರಿಗೆ ಅದರ ಜೊತೆ ಬೇರೆ ವ್ಯವಹಾರವೇ ಇಲ್ಲ. ಅದು ಡಿಸೈನ್ ಅಲ್ಲ, ಬರಹ. ಕಣ್ಣು ಕಾಣದವರು ಪಾದದಿಂದ, ಬಿಳಿ ಕೋಲಿನ ತುದಿಯಿಂದ ಓದುವ ಬರಹ. ಅದರಲ್ಲಿ ಇರೋದು ಎರಡೇ ಅಕ್ಷರ. ಉದ್ದ ಗೆರೆ ಇದ್ದರೆ 'ಇದೇ ದಾರಿ, ನಡೀರಿ'. ಗುಂಡು ಚುಕ್ಕೆ ಇದ್ದರೆ 'ನಿಲ್ಲಿ, ಮುಂದೆ ಏನೋ ಇದೆ'. ಆ ಏನೋ ಮೆಟ್ಟಿಲಿರಬಹುದು, ರಸ್ತೆ ಇರಬಹುದು, ರೈಲು ಹಳಿ ಇರಬಹುದು.

ಇದು ಹುಟ್ಟಿದ್ದು ಜಪಾನಿನ ಒಕಾಯಾಮಾ ಅನ್ನೋ ಊರಲ್ಲಿ. ಮಾಡಿದವರು ಮಿಯಾಕೆ ಸೆಯಿಚಿ. ಎಂಜಿನಿಯರ್ ಅಲ್ಲ, ಸರ್ಕಾರಿ ಅಧಿಕಾರಿಯೂ ಅಲ್ಲ, ವಸತಿಗೃಹ ನಡೆಸುತ್ತಿದ್ದ ಮನುಷ್ಯ. ಅವರ ಸ್ನೇಹಿತ ಇವಾಹಾಶಿ ಹಿದೆಯುಕಿಗೆ ದೃಷ್ಟಿ ಹೋಗಿತ್ತು. ಪಾಚಿ ಬೆಳೆದ ಜಾಗ ಎಲ್ಲಿ ಮುಗಿದು ಬರೀ ಮಣ್ಣು ಎಲ್ಲಿ ಶುರುವಾಗುತ್ತೆ ಅನ್ನೋದು ಶೂ ಹಾಕಿದ್ದರೂ ಕಾಲಿಗೆ ಗೊತ್ತಾಗುತ್ತೆ ಅಂತ ಆ ಸ್ನೇಹಿತ ಹೇಳಿದ ಮಾತಿನಿಂದ ಮಿಯಾಕೆಗೆ ದಾರಿ ಹೊಳೆಯಿತು ಅಂತಾರೆ. 1965ರಲ್ಲಿ ಸಿಮೆಂಟಿನ ಬಿಲ್ಲೆಯ ಮೇಲೆ ಗುಂಡು ಉಬ್ಬುಗಳನ್ನು ಎರಕ ಹೊಯ್ದು ನೋಡಿದರು. 1967ರ ಮಾರ್ಚ್ 18ರಂದು ಒಕಾಯಾಮಾದ ಅಂಧರ ಶಾಲೆಯ ಹತ್ತಿರದ ಹೆದ್ದಾರಿ ದಾಟುವ ಜಾಗದಲ್ಲಿ 230 ಬಿಲ್ಲೆ ಕೂರಿಸಿದರು. ಲೋಕದಲ್ಲಿ ಇದೇ ಮೊದಲು. ಕಣ್ಣು ಕಾಣದ ವ್ಯಕ್ತಿಯೊಬ್ಬರು ಆ ದಿನ ಅದರ ಮೇಲೆ ಹೆಜ್ಜೆ ಇಟ್ಟು ರಸ್ತೆ ದಾಟಿದರು. ಜಪಾನಿನಲ್ಲಿ ಈಗಲೂ ಮಾರ್ಚ್ 18 ಈ ಬಿಲ್ಲೆಗಳ ದಿನ.

ಆಮೇಲೆ? ಏನೂ ಆಗಲಿಲ್ಲ. ಮಿಯಾಕೆ ಕೈಯಿಂದ ದುಡ್ಡು ಹಾಕಿ ಊರೂರಿಗೆ ಹೇಳಿಕೊಂಡು ಬಂದರೂ ಶುರುವಿನಲ್ಲಿ ಕೊಳ್ಳುವವರೇ ಇರಲಿಲ್ಲ. 1970ರಲ್ಲಿ ಒಸಾಕಾದ ಅಬಿಕೊಚೊ ಸ್ಟೇಷನ್ನಿನ ಪ್ಲಾಟ್‌ಫಾರಂಗೆ ಮೊದಲ ಸಲ ಬಂತು. ಹಾಕಿದ್ದು ಒಂದು ಸ್ಟೇಷನ್ನಿಗೆ. ಉಳಿದ ಕಡೆ ಇಲ್ಲ. ಹಾಕಲೇಬೇಕು ಅನ್ನೋ ನಿಯಮವೂ ಇಲ್ಲ. ಮನಸ್ಸಿದ್ದ ಕಡೆ ಹಾಕಿದರು, ಅಷ್ಟೇ.

ಎರಡನೇ ಫೋಟೋ ಟೋಕಿಯೊದ ತಕದಾನೊಬಾಬಾ ಸ್ಟೇಷನ್. ಜಪಾನಿನ ಬ್ರೈಲ್ ಗ್ರಂಥಾಲಯ ಇರೋದು ಇದೇ ಪ್ರದೇಶದಲ್ಲಿ, ಹಾಗಾಗಿ ಕಣ್ಣು ಕಾಣದವರ ಓಡಾಟ ಇಲ್ಲಿ ಹೆಚ್ಚು. 1973ರ ಫೆಬ್ರವರಿ 1ರಂದು ಇಲ್ಲಿನ ಪ್ಲಾಟ್‌ಫಾರಂನಿಂದ ಅಂಧರೊಬ್ಬರು ಹಳಿಗೆ ಬಿದ್ದು, ರೈಲಿಗೆ ಸಿಕ್ಕಿ ಸತ್ತರು. ಅಂಚಿನಲ್ಲಿ ಉಬ್ಬು ಬಿಲ್ಲೆ ಇರಲಿಲ್ಲ. ಅಪ್ಪ ಅಮ್ಮ ಸುಮ್ಮನಿರಲಿಲ್ಲ. 1975ರಲ್ಲಿ ಜಪಾನ್ ರಾಷ್ಟ್ರೀಯ ರೈಲ್ವೆಯ ಮೇಲೆಯೇ ಕೇಸು ಹಾಕಿದರು. ನಿಮ್ಮ ಮಗ ಎಚ್ಚರ ತಪ್ಪಿದ ಅನ್ನೋದು ಆ ಕಾಲದಲ್ಲಿ ಸಹಜವಾಗಿ ಬರುತ್ತಿದ್ದ ಉತ್ತರ. ಎಚ್ಚರ ತಪ್ಪಿದ್ದು ಪ್ಲಾಟ್‌ಫಾರಂ ಕಟ್ಟಿದವರು ಅನ್ನೋದು ಈ ಅಪ್ಪ ಅಮ್ಮನ ವಾದ. 1979ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ರೈಲ್ವೆಯನ್ನು ಹೊಣೆ ಮಾಡಿತು. ಮೇಲ್ಮನವಿ ಹೋಗಿ, ಕೊನೆಗೆ 1986ರಲ್ಲಿ ರಾಜಿಯಾಯಿತು.

ಅದೇ 1973ರ ಆಗಸ್ಟ್‌ನಲ್ಲಿ ಒಸಾಕಾದ ಫುಕುಶಿಮಾ ಸ್ಟೇಷನ್ನಿನಲ್ಲಿ (ಅಣುಸ್ಥಾವರದ ಫುಕುಶಿಮಾ ಅಲ್ಲ, ಇದು ಬೇರೆ) ಇನ್ನೊಬ್ಬ ಅಂಧರು ಬಿದ್ದು ಎರಡೂ ಕಾಲು ಕಳೆದುಕೊಂಡರು. ಒಸಾಕಾದ ಎರಡೂ ಕೋರ್ಟು ಅವರ ಪರವಾಗಿ ಹೇಳಿದವು. ಆದರೆ 1986ರ ಮಾರ್ಚ್ 25ರಂದು ಜಪಾನಿನ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿ ಮತ್ತೆ ವಿಚಾರಣೆಗೆ ಕಳಿಸಿತು. ಅದರ ತರ್ಕ ಕೇಳಿ. ಬಿಲ್ಲೆ ಇರಲಿಲ್ಲ ಅಂದಮಾತ್ರಕ್ಕೆ ಸ್ಟೇಷನ್ನು ದೋಷದ್ದು ಅನ್ನೋಕಾಗಲ್ಲ. ಅಪಘಾತದ ಹೊತ್ತಿಗೆ ಆ ಸಾಧನ ಎಷ್ಟರಮಟ್ಟಿಗೆ ಬಳಕೆಗೆ ಬಂದಿತ್ತು, ಮಾನದಂಡ ಆಗಿತ್ತಾ, ಹಾಕೋದು ಎಷ್ಟು ಕಷ್ಟ, ಅಪಾಯ ಎಷ್ಟಿತ್ತು, ಎಲ್ಲ ತೂಗಬೇಕು.

ಓದೋಕೆ ನ್ಯಾಯವಾಗಿಯೇ ಕಾಣುತ್ತೆ. ಹೊಸದಾಗಿ ಬಂದ ಪ್ರತಿಯೊಂದು ಸಾಧನವನ್ನೂ ಮಾರನೇ ದಿನವೇ ಎಲ್ಲ ಕಡೆ ಹಾಕು ಅನ್ನೋಕೆ ಆಗಲ್ಲ, ಒಪ್ಪೋಣ. ಆದರೆ ಇದರೊಳಗೆ ಒಂದು ಸುತ್ತು ಇದೆ, ಗಮನಿಸಿ. ಎಲ್ಲರೂ ಹಾಕಿದ ಮೇಲೆ ಅದು ಕರ್ತವ್ಯ. ಯಾರೂ ಹಾಕದೇ ಇದ್ದರೆ ಯಾರ ತಪ್ಪೂ ಅಲ್ಲ. ಹಾಗಾದರೆ ಮೊದಲು ಬಿದ್ದವರ ಗತಿ ಏನು? ನನಗಂತೂ ಟೋಕಿಯೊದ ಕೆಳಗಿನ ಕೋರ್ಟೇ ಸರಿ ಅನ್ನಿಸುತ್ತೆ.

ಕೇಸುಗಳು ನಡೆಯುತ್ತಿದ್ದ ಆ ವರ್ಷಗಳಲ್ಲೇ ಸ್ಟೇಷನ್ನುಗಳಿಗೆ ಬಿಲ್ಲೆ ಬರುತ್ತಾ ಹೋದವು. ಆಗ ಬೇರೆ ತಲೆನೋವು. ಒಂದೊಂದು ಕಂಪನಿಯದು ಒಂದೊಂದು ಆಕಾರ. ಒಂದೂರಲ್ಲಿ ಕಲಿತ ಅಕ್ಷರ ಇನ್ನೊಂದೂರಲ್ಲಿ ಓದೋಕೆ ಬರದಿದ್ದರೆ ಹೇಗೆ, ಹಾಗೆ. ಜಪಾನಿನ ರಾಷ್ಟ್ರೀಯ ಮಾನದಂಡ ಬಂದಿದ್ದು 2001ರಲ್ಲಿ, ಮೊದಲ ಬಿಲ್ಲೆ ಕೂರಿಸಿ 34 ವರ್ಷ ಆದಮೇಲೆ. ಉಬ್ಬಿನ ಎತ್ತರ 5 ಮಿಲಿಮೀಟರ್ ಅಂತ ನಿಗದಿಯಾಯಿತು. ಅಂತರರಾಷ್ಟ್ರೀಯ ಮಾನದಂಡ ಬಂದಿದ್ದು 2012ರಲ್ಲಿ. ಈ 5 ಮಿಲಿಮೀಟರ್ ಹಿಂದೆಯೂ ಜಗಳ ಇದೆ. ಉಬ್ಬು ಎತ್ತರ ಇದ್ದಷ್ಟೂ ಅಂಧರಿಗೆ ಅನುಕೂಲ; ಅದೇ ಉಬ್ಬು ಗಾಲಿಕುರ್ಚಿಯವರನ್ನು ಕುಲುಕುತ್ತೆ, ವಯಸ್ಸಾದವರ ಕಾಲಿಗೆ ತೊಡರುತ್ತೆ. ಹಳದಿ ಯಾಕೆ ಗೊತ್ತಾ? ಪೂರ್ತಿ ಕಾಣದವರಿಗಿಂತ ಮಸುಕಾಗಿ ಕಾಣುವವರೇ ಜಾಸ್ತಿ, ಕಪ್ಪು ನೆಲದ ಮೇಲೆ ಅವರಿಗೆ ಹಳದಿ ಎದ್ದು ಕಾಣುತ್ತೆ. 'ಮ್ಯಾಚಿಂಗ್ ಇರಲಿ' ಅಂತ ಬೂದು ನೆಲಕ್ಕೆ ಬೂದು ಟೈಲ್ಸ್ ಹಾಕೋರು ಇದನ್ನ ಒಂದು ಸಲ ಓದಬೇಕು.

ಇನ್ನೊಂದು ಸಣ್ಣ ವಿಷಯ, ನನಗೆ ಬಹಳ ಹಿಡಿಸಿದ್ದು. ಚುಕ್ಕೆ ಬಿಲ್ಲೆ ಯಾವ ಕಡೆಯಿಂದ ಮುಟ್ಟಿದರೂ ಒಂದೇ ಥರ. ಗದ್ದಲದಲ್ಲಿ ಒಂದು ಸುತ್ತು ತಿರುಗಿಬಿಟ್ಟರೆ ಹಳಿ ಯಾವ ಕಡೆ, ಪ್ಲಾಟ್‌ಫಾರಂ ಯಾವ ಕಡೆ ತಿಳಿಯಲ್ಲ. ಅದಕ್ಕೆ ಜಪಾನಿನಲ್ಲಿ ಚುಕ್ಕೆಗಳ ಒಳಬದಿಗೆ ಒಂದೇ ಒಂದು ಉದ್ದ ಗೆರೆ ಸೇರಿಸಿದರು. ಗೆರೆ ಇರುವ ಕಡೆ ಪ್ಲಾಟ್‌ಫಾರಂ. ಮೂರನೇ ಫೋಟೋದಲ್ಲಿ ಜೂಮ್ ಮಾಡಿ, ಕಾಣುತ್ತೆ.

ಈಗ ನಮ್ಮ ಕಡೆ. ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲೇ ರೈಲ್ವೆ ಪ್ಲಾಟ್‌ಫಾರಂ ಅಂಚಿನಲ್ಲಿ, ಜೀಬ್ರಾ ಕ್ರಾಸಿಂಗ್‌ನಲ್ಲಿ ಅಂಧರಿಗಾಗಿ ಗುರುತು ಕೆತ್ತಬೇಕು ಅಂತ ಇತ್ತು. ಆದರೆ ಆ ಸೆಕ್ಷನ್ನಿನ ಬಾಯಲ್ಲೇ ಒಂದು ಮಾತು: ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಅಲ್ಲಿಗೆ ಮುಗೀತಲ್ಲ! ದುಡ್ಡಿಲ್ಲ ಅಂದರೆ ಕಾನೂನೇ ಇಲ್ಲ. 2005ರಲ್ಲಿ ದೃಷ್ಟಿದೋಷವಿದ್ದ ರಾಜೀವ್ ರತೂರಿ ರಸ್ತೆ, ಬಸ್ಸು, ರೈಲು, ಕಟ್ಟಡ ಎಲ್ಲ ಸೇರಿಸಿ ಸುಪ್ರೀಂ ಕೋರ್ಟಿಗೆ ಹೋದರು. ಹೊಸ ಕಾಯ್ದೆ 2016ರಲ್ಲಿ ಬಂತು, ಕೋರ್ಟಿನ ನಿರ್ದೇಶನಗಳು 2017ರ ಡಿಸೆಂಬರ್‌ನಲ್ಲಿ. ಹೊಸ ಕಾಯ್ದೆ 'ಮಾಡಲೇಬೇಕು' ಅನ್ನುತ್ತೆ. ಅದರ ಕೆಳಗೆ ಬರೆದ 15ನೇ ನಿಯಮ ಮಾತ್ರ ಒಂದಷ್ಟು ಮಾರ್ಗಸೂಚಿಗಳ ಕಡೆ ಕೈ ತೋರಿಸಿ ಸುಮ್ಮನಾಗಿತ್ತು. ಮಾರ್ಗಸೂಚಿ ಅಂದರೆ ಸಲಹೆ. 2024ರ ನವೆಂಬರ್ 8ರಂದು ಕೋರ್ಟು ಆ ನಿಯಮದ ಮೊದಲ ಭಾಗವನ್ನು ಕಾಯ್ದೆಗೆ ವಿರುದ್ಧ ಅಂತ ಹೊಡೆದು ಹಾಕಿತು. ರಾಜಿ ಇಲ್ಲದ ಕನಿಷ್ಠ ಮಾನದಂಡ ಯಾವುದು ಅಂತ ಬೇರ್ಪಡಿಸಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಅರ್ಜಿ ಹಾಕಿ 19 ವರ್ಷ.

ನಮ್ಮ ಫುಟ್‌ಪಾತುಗಳಲ್ಲಿ ಸಲಹೆಯ ಫಲ ನೋಡಬಹುದು. ಗೆರೆ ಬಿಲ್ಲೆ 'ನಡೀರಿ ನಡೀರಿ' ಅನ್ನುತ್ತಾ ಹೋಗಿ ಸೀದಾ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಮುಟ್ಟಿಸುತ್ತೆ. ಇನ್ನೊಂದು ಕಡೆ ಮರ. ಚುಕ್ಕೆ ಇರಬೇಕಾದ ತಿರುವಿನಲ್ಲಿ ಗೆರೆ, ಗೆರೆಯ ಜಾಗದಲ್ಲಿ ಚುಕ್ಕೆ, ಮೇಲೆ ಸಾಲಾಗಿ ಬೈಕು. ಬಿಲ್ಲೆ ಇಲ್ಲದಿದ್ದರೆ ಕೋಲು ತಡವಿಕೊಂಡು ನಿಧಾನ ಹೋಗುತ್ತಿದ್ದವರು, ಇರೋದನ್ನ ನಂಬಿ ಹೋಗಿ ಹಣೆ ಒಡೆದುಕೊಳ್ತಾರೆ.

ನಿಮ್ಮ ಬೀದಿಯಲ್ಲಿ ಇಂಥ ಬಿಲ್ಲೆ ಇದ್ದರೆ ಒಂದು ಸಲ ಅದರ ಜೊತೆ ಕೊನೆವರೆಗೂ ನಡೆದು ಹೋಗಿ, ಎಲ್ಲಿಗೆ ಮುಟ್ಟಿಸಿತು ಅಂತ ಕಮೆಂಟಲ್ಲಿ ಬರೀರಿ. ಬೈಕು ಅದರ ಮೇಲೆ ನಿಲ್ಲಿಸೋರು ನಿಮ್ಮ ಮನೆಯವರೇ ಆಗಿದ್ದರೆ ಅದನ್ನೂ ಬರೀರಿ. ಮುಂದಿನ ಭಾಗ ರ‍್ಯಾಂಪ್‌ ಬಗ್ಗೆ, ಒಂದಕ್ಕೆ ಹನ್ನೆರಡು ಅನ್ನೋ ಇಳಿಜಾರಿನ ಲೆಕ್ಕದ ಬಗ್ಗೆ.

#ಕಾಲಡಿಯಚರಿತ್ರೆ #ಹಳದಿಟೈಲ್ಸ್