ಬಿಸಿಯಾಗುತ್ತಿದ್ದ ಮೈಕ್ರೋಫೋನು

ವಾಲ್ವ್ ರೇಡಿಯೋಗಳ ಕಾಲವನ್ನು ಕಂಡವರಿಗೆ ನೆನಪಿರಬಹುದು: ಗುಂಡಿ ತಿರುಗಿಸಿದೊಡನೆ ಅದು ಮಾತನಾಡುತ್ತಿರಲಿಲ್ಲ, ವಾಲ್ವ್ ಕಾದ ಮೇಲೆಯೇ ದನಿ ಹೊರಡುತ್ತಿತ್ತು. ಧ್ವನಿಯನ್ನು ಹಿಡಿಯುವ ಮೈಕ್ರೋಫೋನಿನ ಒಡಲಲ್ಲಿಯೂ ಅಂಥದೇ ವಾಲ್ವ್ ಕಾಯುತ್ತಿದ್ದ ಕಾಲವೊಂದಿತ್ತು.

ಅಮೆರಿಕದ ಇ.ಸಿ. ವೆಂಟ್ 1916ರಲ್ಲಿ ಕಂಡೆನ್ಸರ್ ಮೈಕ್ರೋಫೋನನ್ನು ರೂಪಿಸಿದರು. ಅದರ ತೆಳುಪೊರೆಯಿಂದ ಹೊರಡುವ ವಿದ್ಯುತ್ ಸಂಕೇತ ಬಹಳ ದುರ್ಬಲವಾದುದು. ಉದ್ದನೆಯ ತಂತಿಯಲ್ಲಿ ಸಾಗುವಷ್ಟು ಶಕ್ತಿ ಅದಕ್ಕಿಲ್ಲ. ಆದುದರಿಂದ ಪೊರೆಯ ಮಗ್ಗುಲಲ್ಲಿಯೇ ವಾಲ್ವನ್ನು ಇರಿಸಬೇಕಾಯಿತು. ಕ್ಯಾಥೋಡ್ ಕಾಯದೆ ಎಲೆಕ್ಟ್ರಾನುಗಳು ಹೊರಬೀಳುವುದಿಲ್ಲವಾದ್ದರಿಂದ ಬಿಸಿಯೂ ಅನಿವಾರ್ಯವಾಯಿತು.

ಬರ್ಲಿನ್ನಿನ ನಾಯ್ಮನ್ ಸಂಸ್ಥೆ 1949ರಲ್ಲಿ ಹೊರತಂದ ಯು 47 ಇದಕ್ಕೆ ಒಳ್ಳೆಯ ನಿದರ್ಶನ. ಫ್ರಾಂಕ್ ಸಿನಾಟ್ರಾ, ಬೀಟಲ್ಸ್ ಮೊದಲಾದವರ ಕಂಠವನ್ನು ಹಿಡಿದ ಮೈಕ್ರೋಫೋನು ಅದು. ಟೆಲಿಫುಂಕನ್ನಿನ ವಿಎಫ್ 14 ಎಂಬ ವಾಲ್ವ್ ಅದರ ಜೀವಾಳ. 105 ವೋಲ್ಟಿನ ಒಂದೇ ಮೂಲದಿಂದ ವಾಲ್ವಿನ ಎಲ್ಲ ಅಗತ್ಯಗಳೂ ಪೂರೈಕೆಯಾಗುತ್ತಿದ್ದವು. ಕಾಯಿಸುವ ತಂತಿಗೆ ಬೇಡದ ವೋಲ್ಟೇಜನ್ನು ಮೈಕ್ರೋಫೋನಿನೊಳಗಿನ 1780 ಓಮಿನ ರೋಧಕ ನುಂಗುತ್ತಿತ್ತು.

ತರಗತಿಯಲ್ಲಿ ನಾನು ಬರೆಸುತ್ತಿದ್ದ ಓಮನ ನಿಯಮವನ್ನು ನನ್ನ ವಿದ್ಯಾರ್ಥಿಗಳು ಇಲ್ಲಿ ಅನ್ವಯಿಸಿ ನೋಡಬಹುದು. ಪ್ರವಾಹ ಸುಮಾರು 0.04 ಆಂಪಿಯರ್. ವಾಲ್ವಿನ ತಂತಿಯಲ್ಲಿ ಸುಮಾರು ಒಂದೂವರೆ ವ್ಯಾಟ್, ರೋಧಕದಲ್ಲಿ ಅದರ ಇಮ್ಮಡಿಗೆ ಸಮೀಪ. ಲೆಕ್ಕಕ್ಕೆ ಅಲ್ಪವೇ ಸರಿ. ಆದರೆ ಮುಚ್ಚಿದ ಲೋಹದ ಕೊಳವೆಯೊಳಗೆ ಅಷ್ಟೇ ಸಾಕು, ಮೈಕ್ರೋಫೋನು ಕೈಗೆ ಬೆಚ್ಚಗಾಗುತ್ತದೆ. ಈ ಬೆಚ್ಚನೆಯಿಂದ ಒಳಗಿನ ತೇವ ಆರುತ್ತಿದ್ದುದು ಒಂದು ಉಪಕಾರ. ಧ್ವನಿಮುದ್ರಣಕ್ಕೆ ಮುಂಚೆಯೇ ಅದನ್ನು ಹಚ್ಚಿ, ಬಿಸಿ ಒಂದು ಹದಕ್ಕೆ ಬರುವವರೆಗೆ ಕಾಯುವುದು ವಾಡಿಕೆ.

ಬಿಸಿ ಹೆಚ್ಚಿದಷ್ಟೂ ವಾಲ್ವಿನ ಆಯುಷ್ಯ ಸವೆಯುತ್ತದೆ. ಇದನ್ನರಿತೇ ನಾಯ್ಮನ್ನಿನವರು 55 ವೋಲ್ಟಿಗೆಂದು ಮಾಡಿದ ತಂತಿಗೆ ಸುಮಾರು 36 ವೋಲ್ಟನ್ನಷ್ಟೇ ಕೊಟ್ಟರು. ಗೊರಗೊರ ಸದ್ದು ತಗ್ಗಿತು, ಬಾಳಿಕೆ ಹೆಚ್ಚಿತು. ಆದರೆ ಇಡೀ ವಿನ್ಯಾಸ ಆ ಒಂದೇ ವಾಲ್ವಿಗೆ ಕಟ್ಟುಬಿದ್ದಿತ್ತು. 1950ರ ದಶಕದ ಕೊನೆಗೆ ಟೆಲಿಫುಂಕನ್ ಅದರ ತಯಾರಿಕೆಯನ್ನು ಕೈಬಿಟ್ಟಿತು; ದಾಸ್ತಾನು ಕರಗಿದಂತೆ 1960ರ ದಶಕದಲ್ಲಿ ಯು 47 ಕೂಡ ನಿಂತಿತು. 1966ರಲ್ಲಿ ಅದೇ ಸಂಸ್ಥೆ ತಂದ ಟ್ರಾನ್ಸಿಸ್ಟರಿನ ಕೆಎಂ 84ರಲ್ಲಿ ಕಾಯಿಸುವ ತಂತಿಯೇ ಇರಲಿಲ್ಲ.

ಉಳಿದಿರುವ ವಿಎಫ್ 14ಗಳು ಇಂದು ಎಣಿಕೆಯವು. ಹಚ್ಚಿದಾಗಲೆಲ್ಲ ಅವುಗಳ ಆಯುಷ್ಯ ಸ್ವಲ್ಪ ಕಡಿಮೆಯಾಗುತ್ತದೆ. ಹಚ್ಚದೆ ಇಟ್ಟರೆ ಅವು ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ಬಳಸಿ ಸವೆಸುವುದೇ ಲೇಸೆಂದು ನನಗನ್ನಿಸುತ್ತದೆ.