ಗಾಡಿ ಗಟ್ಟಿಯೋ, ಮಿಸ್ತ್ರಿ ಗಟ್ಟಿಯೋ?

ರಾಯಚೂರಿನ ಗ್ಯಾರೇಜುಗಳಲ್ಲಿ, ಮಾನ್ವಿ-ದೇವದುರ್ಗದ ಚಹಾದಂಗಡಿಗಳಲ್ಲಿ ಹಳೆಯ ಚಾಲಕರು ಮಾತಿಗೆ ಕುಳಿತರೆ ಅಮೆರಿಕದ ಗಾಡಿಗಳಿಗೆ ಈಗಲೂ ಒಳ್ಳೆಯ ಹೆಸರಿದೆ. ಷೆವರ್ಲೆ, ಫೋರ್ಡ್, ಡಾಡ್ಜ್, ಫಾರ್ಗೊ, ಎಲ್ಲಕ್ಕಿಂತ ಹೆಚ್ಚಾಗಿ ವಿಲೀಸ್ ಜೀಪು. ಆಗಿನ ಲೋಖಂಡವೇ ಬೇರೆ, ಈಗಿನದೆಲ್ಲ ತಗಡು ಎಂಬ ತೀರ್ಪಿನೊಂದಿಗೆ ಮಾತು ಮುಗಿಯುತ್ತದೆ. ಈ ತೀರ್ಪಿನಲ್ಲಿ ನಿಜವೆಷ್ಟು, ಹಳೆಯದರ ಮೋಹವೆಷ್ಟು ಎಂದು ಕೇಳಿ ನೋಡಬೇಕು. ಏಕೆಂದರೆ ಈ ಗಾಡಿಗಳನ್ನು ತಯಾರಿಸಿದ ದೇಶದಲ್ಲೇ ಇದೇ ಕಂಪೆನಿಗಳ ಹೆಸರು ಒಂದು ಕಾಲಕ್ಕೆ ತೀರಾ ಕೆಟ್ಟುಹೋಗಿತ್ತು. ಅಲ್ಲಿ ಕೆಟ್ಟ ಹೆಸರು ಇಲ್ಲಿ ಉಳಿದು ಬಂದದ್ದು ಹೇಗೆ?

ಮೊದಲು ಇವು ಇಲ್ಲಿಗೆ ಬಂದ ಬಗೆ. ಆಳುತ್ತಿದ್ದವರು ಇಂಗ್ಲಿಷರು, ಆದರೆ 1920ರ ದಶಕದ ಭಾರತದಲ್ಲಿ ಹೆಚ್ಚು ಮಾರಾಟವಾದದ್ದು ಅಮೆರಿಕ ಮತ್ತು ಕೆನಡಾದ ಮೋಟಾರುಗಳು. ಇದಕ್ಕೆ ಒಂದು ತೆರಿಗೆಯ ಕಥೆಯಿದೆ. ಬ್ರಿಟನ್ನಿನಲ್ಲಿ ಕಾರಿನ ಮೇಲಿನ ತೆರಿಗೆಯನ್ನು ಎಂಜಿನ್ನಿನ ಸಿಲಿಂಡರಿನ ಅಗಲ ಅಳೆದು ನಿರ್ಧರಿಸುತ್ತಿದ್ದರು. ಹಾಗಾಗಿ ಅಲ್ಲಿನ ಕಂಪೆನಿಗಳು ಸಣ್ಣ ಎಂಜಿನ್ನಿನ, ನೆಲಕ್ಕೆ ಹತ್ತಿರವಾದ, ಒಳ್ಳೆಯ ರಸ್ತೆಗೆ ಹೇಳಿಮಾಡಿಸಿದ ಕಾರುಗಳನ್ನು ಮಾಡಿದವು. ಅಮೆರಿಕದಲ್ಲಿ ಅಂಥ ತೆರಿಗೆ ಇರಲಿಲ್ಲ, ಒಳ್ಳೆಯ ರಸ್ತೆಯೂ ಇರಲಿಲ್ಲ. ಅಲ್ಲಿನ ರೈತನೂ ಕೆಸರಿನಲ್ಲಿ, ಬಂಡಿಜಾಡಿನಲ್ಲಿ ಓಡಾಡಬೇಕಿತ್ತು. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ಮಾಡಿ ಮಾರಿದ 'ಮಾಡೆಲ್ ಟಿ' ಅಂಥ ರೈತನಿಗಾಗಿಯೇ ಹುಟ್ಟಿದ ಗಾಡಿ: ನೆಲದಿಂದ ಎತ್ತರ, ದೊಡ್ಡದಾದರೂ ನಿಧಾನವಾಗಿ ತಿರುಗುವ ಎಂಜಿನ್, ಅಗ್ಗದ ಬೆಲೆ.

ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗೆ ಇದಕ್ಕಿಂತ ಹೊಂದುವ ಗಾಡಿ ಬೇರೆ ಯಾವುದು? ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಗಾಲಿ ನುಂಗುತ್ತದೆ. ಎತ್ತಿನ ಬಂಡಿ ಕೊರೆದ ಜಾಡಿನಲ್ಲಿ ತಗ್ಗಿನ ಕಾರು ಹೊಟ್ಟೆ ಊರಿ ನಿಂತುಬಿಡುತ್ತದೆ. ಮಾನ್ವಿ, ದೇವದುರ್ಗ ಎರಡೂ ರಾಯಚೂರಿನಿಂದ 50 ಕಿಲೋಮೀಟರಿನ ಆಸುಪಾಸಿನಲ್ಲಿವೆ, ಎರಡಕ್ಕೂ ರೈಲಿರಲಿಲ್ಲ. ರಾಯಚೂರಿಗೆ ಮಾತ್ರ 1871ರಲ್ಲೇ ಮುಂಬಯಿ ಕಡೆಯ ಹಳಿ ಮತ್ತು ಮದರಾಸಿನ ಹಳಿ ಎರಡೂ ಬಂದು ಕೂಡಿದ್ದವು. ಮುಂದೆ ಫೋರ್ಡ್ ಕಂಪೆನಿ 1926ರಲ್ಲಿ ಭಾರತದ ಅಂಗಸಂಸ್ಥೆ ಆರಂಭಿಸಿ ಮುಂಬಯಿ, ಮದರಾಸು, ಕಲಕತ್ತೆಗಳಲ್ಲಿ ನೆಲೆಯೂರಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಸೆವ್ರಿಯಲ್ಲಿ ಷೆವರ್ಲೆ ಜೋಡಿಸತೊಡಗಿತು. ಅಂದರೆ ಗಾಡಿಯ ಬಿಡಿಭಾಗ ಸಿಗುವ ಎರಡು ನಗರಗಳಿಗೂ ರಾಯಚೂರಿನಿಂದ ನೇರ ರೈಲು. ಹೈದರಾಬಾದ್ ಸಂಸ್ಥಾನದ ಒಂದು ಮೂಲೆಯ ಊರಿಗೆ ಇದು ಸಣ್ಣ ಅನುಕೂಲವೇನಲ್ಲ.

ನಿಜಾಮ್ ಸರ್ಕಾರ ಮಾತ್ರ ಬ್ರಿಟಿಷ್ ಗಾಡಿಯನ್ನೇ ನಂಬಿತು. 1932ರಲ್ಲಿ 27 ಬಸ್ಸುಗಳೊಂದಿಗೆ ಆರಂಭವಾದ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ ಓಡಿಸಿದ್ದು ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳನ್ನು. ಸರ್ಕಾರಕ್ಕೆ ಸ್ವಂತ ಕಾರ್ಖಾನೆ, ಸಂಬಳದ ಎಂಜಿನಿಯರು ಇದ್ದರು. ಒಂದೇ ಲಾರಿ ಇಟ್ಟುಕೊಂಡು ಹತ್ತಿಯ ಅಂಡಿಗೆ, ಶೇಂಗಾ ಸಾಗಿಸುವವನಿಗೆ ಅದು ಸಾಧ್ಯವಿರಲಿಲ್ಲ. ಅವನಿಗೆ ಬೇಕಾದದ್ದು ಕೆಟ್ಟರೆ ಮರದ ಕೆಳಗೇ ರಿಪೇರಿಯಾಗುವ ಗಾಡಿ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹಳೆಯ ಅಮೆರಿಕನ್ ಗಾಡಿ ಕೆಡುತ್ತಲೇ ಇರಲಿಲ್ಲ ಎಂಬುದು ಸುಳ್ಳು. ಮೇ ತಿಂಗಳ ಬಿಸಿಲಿನಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಅದಕ್ಕೆಂದೇ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ತೂಗುಬಿಡುತ್ತಿದ್ದರು. ಕಮಾನು ಪಟ್ಟಿ ಮುರಿಯುತ್ತಿತ್ತು. ಆರು ವೋಲ್ಟಿನ ಬ್ಯಾಟರಿ ಬೆಳಗಿನ ಚಳಿಗೆ ಕೈಕೊಟ್ಟರೆ ಹ್ಯಾಂಡಲ್ ಹೊಡೆದು ಚಾಲೂ ಮಾಡಬೇಕು. ಆ ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು ಮುರಿಯುವುದೂ ಇತ್ತು. ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿತ್ತು. ಮಾಡೆಲ್ ಟಿಯಲ್ಲೂ 1950ರ ದಶಕದ ಆರಂಭದವರೆಗಿನ ಷೆವರ್ಲೆಯಲ್ಲೂ ಎಂಜಿನ್ನಿನ ಬೇರಿಂಗುಗಳು ಮೆದುವಾದ ಮಿಶ್ರಲೋಹದ ಎರಕದವು. ಸವೆದರೆ ಹೊಸದಕ್ಕಾಗಿ ಡೆಟ್ರಾಯಿಟಿಗೆ ಬರೆಯಬೇಕಿರಲಿಲ್ಲ. ಲೋಹ ಕರಗಿಸಿ ಹೊಯ್ದು, ಅರದಿಂದ, ಚಾಕುವಿನಂಥ ಉಪಕರಣದಿಂದ ಹೆರೆದು ಕೂರಿಸಬಲ್ಲ ಕೈಯೊಂದು ಇದ್ದರೆ ಸಾಕಿತ್ತು. ಆ ಕೈ ಊರಿನಲ್ಲಿದ್ದರೆ ಗಾಡಿ ಗಟ್ಟಿ, ಇಲ್ಲದಿದ್ದರೆ ಅದೇ ಗಾಡಿ ಖಟಾರ.

ಈ ಗಾಡಿಗಳು ನಮ್ಮ ನಾಡಿನಲ್ಲೇ ತಯಾರಾಗುವ ಅವಕಾಶವೂ ಒಮ್ಮೆ ಬಂದಿತ್ತು. ವಿಶ್ವೇಶ್ವರಯ್ಯನವರು 1935ರಲ್ಲಿ ಅಮೆರಿಕಕ್ಕೆ ಹೋಗಿ ಡೆಟ್ರಾಯಿಟಿನ ಕಾರ್ಖಾನೆಗಳನ್ನು ನೋಡಿ ಬಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕ್ರೈಸ್ಲರ್ ಕಂಪೆನಿಯೊಂದಿಗೆ 1940ರಲ್ಲಿ ಒಪ್ಪಂದ ಮಾಡಿಕೊಂಡರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಜಾಗಕ್ಕೂ ನೆರವಿಗೂ ಸಿದ್ಧವಾಯಿತು. ಬ್ರಿಟಿಷ್ ಭಾರತ ಸರ್ಕಾರ ಅಡ್ಡಗಾಲು ಹಾಕಿತು. ಕೊನೆಗೆ ಕ್ರೈಸ್ಲರಿನ ಡಾಡ್ಜ್, ಡಿಸೋಟೊ, ಫಾರ್ಗೊಗಳು 1947ರಲ್ಲಿ ಹೊರಬಂದದ್ದು ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ. ಮಿರ್ಜಾ ಅವರು ಅಷ್ಟರಲ್ಲಿ ಮೈಸೂರು ಬಿಟ್ಟು, ಜೈಪುರ ದಾಟಿ, ಹೈದರಾಬಾದಿನ ಪ್ರಧಾನಿಯಾಗಿ ಅಲ್ಲೂ ಹೆಚ್ಚು ದಿನ ನಿಲ್ಲದೆ ಹೊರಟಿದ್ದರು.

ಆದರೆ ಹಳ್ಳಿಗಾಡಿನ ಜನ ಅಮೆರಿಕನ್ ಗಾಡಿಯನ್ನು ನಿಜವಾಗಿ ಹತ್ತಿರದಿಂದ ಕಂಡದ್ದು ಜೀಪಿನ ರೂಪದಲ್ಲಿ. ಎರಡನೆಯ ಮಹಾಯುದ್ಧಕ್ಕಾಗಿ ವಿಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್, ನಾಲ್ಕೂ ಗಾಲಿಗೆ ಬಲ. ಒಂದು ಕಂಪೆನಿಯ ಜೀಪಿನ ಭಾಗ ಇನ್ನೊಂದರದಕ್ಕೆ ಹೊಂದಬೇಕೆಂಬುದು ಸೈನ್ಯದ ಷರತ್ತು. ಯುದ್ಧ ಮುಗಿದ ಮೇಲೆ ಉಳಿದ ಜೀಪು, ಲಾರಿಗಳು 'ಡಿಸ್ಪೋಸಲ್' ಮಾಲಾಗಿ ಭಾರತದ ಉದ್ದಗಲಕ್ಕೂ ಹರಡಿದವು. ಭಾಗಗಳು ಒಂದಕ್ಕೊಂದು ಹೊಂದುತ್ತಿದ್ದುದರಿಂದ ಎರಡು ಸತ್ತ ಜೀಪಿನಿಂದ ಒಂದು ಜೀವಂತ ಜೀಪು ಕಟ್ಟುವುದು ಸಾಧ್ಯವಾಯಿತು. ಜೀಪಿನ ದೀರ್ಘಾಯುಷ್ಯಕ್ಕೆ ಉಕ್ಕಿನ ಗುಣಕ್ಕಿಂತ ಈ ಷರತ್ತೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ.

ಇದನ್ನು ಇಲ್ಲಿ ಜೋಡಿಸಿದ ಕಂಪೆನಿಯ ಹೆಸರಿನಲ್ಲೂ ನಮ್ಮ ಚರಿತ್ರೆಯ ಒಂದು ತುಣುಕಿದೆ. 1945ರಲ್ಲಿ ಹುಟ್ಟಿದಾಗ ಅದು 'ಮಹೀಂದ್ರ ಅಂಡ್ ಮಹಮ್ಮದ್'. ಆ ಮಹಮ್ಮದ್ ಎಂದರೆ ಮಲಿಕ್ ಗುಲಾಮ್ ಮಹಮ್ಮದ್. ರಾಯಚೂರನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ಹಣಕಾಸು ಸಚಿವರಾಗಿದ್ದವರು. 1947ರಲ್ಲಿ ದೇಶ ಒಡೆದಾಗ ಅವರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಕಂಪೆನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು.

ಅದೇ 1948ರಲ್ಲಿ ಹಳೆಯ ಜೀಪಿನ ಇನ್ನೊಂದು ಮುಖವೂ ಬಯಲಾಯಿತು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೈನ್ಯಕ್ಕಾಗಿ ದುರಸ್ತಿ ಮಾಡಿದ 2000 ಜೀಪುಗಳಿಗೆ ಸುಮಾರು 80 ಲಕ್ಷ ರೂಪಾಯಿಯ ವ್ಯವಹಾರ ಕುದುರಿಸಿದರು. ಬಂದಿಳಿದದ್ದು 155 ಮಾತ್ರ, ಅವೂ ಕೆಲಸಕ್ಕೆ ಬಾರದವು. ಸ್ವತಂತ್ರ ಭಾರತದ ಮೊದಲ ಹಗರಣ ಎಂದೇ ಹೆಸರಾದ ಈ ಪ್ರಕರಣವನ್ನು ಸರ್ಕಾರ 1955ರಲ್ಲಿ ಮುಚ್ಚಿಹಾಕಿತು, ಮರುವರ್ಷ ಮೆನನ್ ಮಂತ್ರಿಯಾದರು. ಗಮನಿಸಬೇಕಾದುದು, ಯುದ್ಧದಲ್ಲಿ ಬಳಸಿ ಬಿಟ್ಟ ಜೀಪುಗಳೇ ಅಲ್ಲೂ ಇಲ್ಲೂ. ಗುತ್ತಿಗೆದಾರನ ದುರಸ್ತಿಯಲ್ಲಿ ಅವು ಗುಜರಿಯಾದವು. ಊರ ಮಿಸ್ತ್ರಿಯ ಕೈಯಲ್ಲಿ ಮೂವತ್ತು ವರ್ಷ ಓಡಿದವು.

ನಮ್ಮ ಜಿಲ್ಲೆಗೆ ಜೀಪಿನ ಕಾಲ ಬಂದದ್ದು ಅಭಿವೃದ್ಧಿಯ ಜೊತೆಗೆ. 1952ರಲ್ಲಿ ಅಮೆರಿಕದ ನೆರವಿನೊಂದಿಗೆ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಬ್ಲಾಕ್ ಆಫೀಸಿಗೂ ಜೀಪು ಬಂತು. 1953ರಿಂದ ತುಂಗಭದ್ರಾ ಎಡದಂಡೆಯ ನೀರು ಹರಿಯತೊಡಗಿ, ಜೋಳದ ಮಾನ್ವಿ ಕ್ರಮೇಣ ಭತ್ತದ ಮಾನ್ವಿಯಾಯಿತು. ಕಾಲುವೆ ದಂಡೆಯ ಮೇಲೆ ಓಡಾಡುವ ಎಂಜಿನಿಯರನಿಗೆ ಜೀಪು ಬೇಕಿತ್ತು. ಕೃಷ್ಣೆಯ ದಂಡೆಯ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಬಂದದ್ದು ಬಹಳ ತಡವಾಗಿ, ರಸ್ತೆಯೂ ತಡವಾಗಿ. ಆದ್ದರಿಂದ ಅಲ್ಲಿ ಜೀಪಿನ ಆಳ್ವಿಕೆ ಇನ್ನೂ ದೀರ್ಘ. ತಹಸೀಲ್ದಾರರು ಇಳಿದ ಜೀಪು, ಚುನಾವಣೆಯಲ್ಲಿ ಧ್ವನಿವರ್ಧಕ ಕಟ್ಟಿದ ಜೀಪು, ಕೊನೆಗೆ ಸಂತೆಯ ದಿನ ಹಿಂದೆ ಮುಂದೆ ಜನ ಜೋತುಬಿದ್ದ ಪ್ಯಾಸೆಂಜರ್ ಜೀಪು. ಎಂಟು ಜನರ ಗಾಡಿಯಲ್ಲಿ ಇಪ್ಪತ್ತು ಜನ. ಅದು ಎಳೆಯಿತು ಎಂದು ಹೊಗಳುವವರು ಅದು ಉರುಳಿದಾಗ ಏನಾಯಿತೆಂದು ಹೇಳುವುದಿಲ್ಲ. ಬಾಗಿಲಿಲ್ಲ, ಬೆಲ್ಟಿಲ್ಲ. ಗಟ್ಟಿ ಎಂಬುದು ಗಾಡಿಗೆ ಸಂಬಂಧಿಸಿದ್ದು, ಒಳಗಿನ ಮನುಷ್ಯನಿಗಲ್ಲ.

ಇನ್ನು ಇವು ಅಷ್ಟು ಕಾಲ ಉಳಿದದ್ದೇಕೆ? ಉತ್ತರದ ಒಂದು ಭಾಗ ದೆಹಲಿಯಲ್ಲಿದೆ. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿಯ ನಂತರ, ಇಲ್ಲೇ ಪೂರ್ತಿ ತಯಾರಿಸುವ ಯೋಜನೆಯಿಲ್ಲದ ಕಂಪೆನಿಗಳಿಗೆ ಸರ್ಕಾರ ಬಾಗಿಲು ಮುಚ್ಚಿತು. ಫೋರ್ಡ್, ಜನರಲ್ ಮೋಟಾರ್ಸ್ ಹೊರಟವು. ಹೊಸ ಗಾಡಿಗೆ ವರ್ಷಗಟ್ಟಲೆ ಸರದಿ. ಬೇರೆ ಸಿಗದಿದ್ದಾಗ ಇದ್ದದ್ದನ್ನೇ ಉಳಿಸಿಕೊಳ್ಳಬೇಕು. 1954ರಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿಗಳು ಬಂದಾಗ ಪೆಟ್ರೋಲ್ ಕುಡಿಯುವ ಅಮೆರಿಕನ್ ಲಾರಿ ಸೋತಿತು. ಆಗಲೂ ಅದನ್ನು ಒಡೆದು ಮಾರಲಿಲ್ಲ, ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಕೂರಿಸಿದರು. ಜೀಪಿಗೂ ಮುಂದೆ ಅದೇ ಗತಿ. ಬಾನೆಟ್ಟಿನ ಮೇಲೆ ಡಾಡ್ಜ್, ಒಳಗೆ ಮದರಾಸಿನಲ್ಲಿ ತಯಾರಾದ ಇಂಗ್ಲಿಷ್ ಪರ್ಕಿನ್ಸ್, ಮರದ ಬಾಡಿ ಊರ ಬಡಿಗನದು, ಕಮಾನು ಪಟ್ಟಿ ಕಮ್ಮಾರನದು. ಓಡಿದ್ದಕ್ಕೆ ಹೊಗಳಿಕೆ ಮಾತ್ರ ಅಮೆರಿಕಕ್ಕೆ.

ಅಮೆರಿಕದಲ್ಲೋ? 1920ರ ದಶಕದಲ್ಲೇ ಜನರಲ್ ಮೋಟಾರ್ಸಿನ ಆಲ್ಫ್ರೆಡ್ ಸ್ಲೋನ್ ಪ್ರತಿವರ್ಷ ಮಾದರಿ ಬದಲಿಸಿ ಹಳೆಯದು ಹಳತೆನಿಸುವಂತೆ ಮಾಡುವ ವ್ಯಾಪಾರ ನೀತಿ ತಂದಿದ್ದರು. 1965ರಲ್ಲಿ ರಾಲ್ಫ್ ನೇಡರ್ ತಮ್ಮ ಪುಸ್ತಕದಲ್ಲಿ ಷೆವರ್ಲೆ ಕೊರ್ವೇರ್ ಅಪಾಯಕಾರಿ ಎಂದು ಬರೆದು ಇಡೀ ಉದ್ಯಮವನ್ನು ಕಟಕಟೆಗೆ ತಂದರು. ತುಕ್ಕು ತಿಂದ ಷೆವರ್ಲೆ ವೇಗಾ, ಹಿಂದಿನಿಂದ ಡಿಕ್ಕಿಯಾದರೆ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಹತ್ತುವ ಫೋರ್ಡ್ ಪಿಂಟೊ ಬಂದ 1970ರ ದಶಕದಲ್ಲಿ ಜನ ಜಪಾನಿನ ಕಾರುಗಳತ್ತ ತಿರುಗಿದರು. ಅಲ್ಲಿ ಮಾನ ಹೋಗುತ್ತಿದ್ದ ಅದೇ ದಿನಗಳಲ್ಲಿ ಇಲ್ಲಿ ಅವೇ ಕಂಪೆನಿಗಳ ಹಳೆಯ ಗಾಡಿಗಳು ಮಾನ ಉಳಿಸಿಕೊಂಡಿದ್ದವು. ಉಳಿಸಿದವರು ಯಾರು?

1948ರ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮರ ಸೈನ್ಯ ಚದುರಿತು. 1949ರಲ್ಲಿ ಜಾಗೀರುಗಳು ರದ್ದಾದವು. ಉರ್ದು ಬಲ್ಲವನಿಗೆ ಸಿಗುತ್ತಿದ್ದ ಸರ್ಕಾರಿ ನೌಕರಿ ಹೋಯಿತು. ಭಯ, ಬಡತನ ಎರಡನ್ನೂ ಹೊತ್ತು ಕುಳಿತ ಮನೆಗಳ ಹುಡುಗರು ಸ್ಟೀರಿಂಗ್ ಹಿಡಿದರು, ಸ್ಪ್ಯಾನರ್ ಹಿಡಿದರು. ಇದೊಂದೇ ಕಾರಣ ಎನ್ನಲಾರೆ. ಮೋಟಾರು ಕೆಲಸಕ್ಕೆ ಜಮೀನು ಬೇಡ, ಸರ್ಟಿಫಿಕೇಟು ಬೇಡ, ಒಬ್ಬ ಉಸ್ತಾದ್ ಬೇಕು ಎಂಬುದೂ ಕಾರಣವೇ. ಕ್ಲೀನರ್ ಆಗಿ ಸೇರಿದ ಹುಡುಗ ವರ್ಷಗಟ್ಟಲೆ ಉಸ್ತಾದನ ಬೈಗುಳ ತಿಂದು, ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವಷ್ಟಾಗುತ್ತಿದ್ದ. 2006ರ ಸಾಚಾರ್ ಸಮಿತಿಯ ವರದಿಯೂ ಭೂಸಾರಿಗೆ ಮತ್ತು ವಾಹನ ರಿಪೇರಿಯಲ್ಲಿ ಮುಸ್ಲಿಮರ ಪಾಲು ಹೆಚ್ಚೆಂದು ಗುರುತಿಸಿದೆ. ಆದರೆ ಅದನ್ನು ನಾವು ಹಿಂದುಳಿದಿರುವಿಕೆಯ ಲೆಕ್ಕವಾಗಿ ಓದಿದೆವೇ ಹೊರತು ಒಂದು ವಿದ್ಯೆಯ ಲೆಕ್ಕವಾಗಿ ಓದಲಿಲ್ಲ. ಹಿಂದೂ ಬಡಿಗ-ಕಮ್ಮಾರರೂ ಮುಸ್ಲಿಂ ಮಿಸ್ತ್ರಿಗಳೂ ಒಂದೇ ಗಾಡಿಯ ಮೇಲೆ ಕೆಲಸ ಮಾಡಿದ ಈ ವಿದ್ಯೆ ಯಾವ ಪುಸ್ತಕದಲ್ಲೂ ದಾಖಲಾಗದೆ ಕೈಯಿಂದ ಕೈಗೆ ದಾಟಿತು. ಈಗ ದಾಟಿಸಿಕೊಳ್ಳುವ ಕೈಗಳು ಕಡಿಮೆ.

1990ರ ದಶಕದಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಮತ್ತೆ ಬಂದವು. ಷೆವರ್ಲೆ ಮಾರಾಟ 2017ರ ಕೊನೆಗೆ ನಿಂತಿತು, ಫೋರ್ಡ್ 2021ರಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಆ ಹೊಸ ಗಾಡಿಗಳು ಹಳೆಯವಕ್ಕಿಂತ ಕಡಿಮೆ ಕೆಡುತ್ತಿದ್ದವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಟ್ಟಾಗ ಕಂಪ್ಯೂಟರ್ ಇಲ್ಲದೆ ರೋಗವೇ ತಿಳಿಯದು. ದೇವದುರ್ಗದ ಮಿಸ್ತ್ರಿಗೆ ಅವುಗಳ ಮೇಲೆ ಹಿಡಿತ ಸಿಗಲೇ ಇಲ್ಲ.

ಅದೇ 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆ 'ವಿಂಟೇಜ್' ಎಂಬ ಗೌರವದ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು, ಎಂಜಿನ್, ಚಾಸಿ, ಬಾಡಿಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ನಿಯಮ. ಅರಮನೆಯ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರಿಗೆ ಇದು ಸುಲಭ. ಪರ್ಕಿನ್ಸ್ ಕೂರಿಸಿಕೊಂಡು ಮಾನ್ವಿಯ ಭತ್ತ ಹೊತ್ತ ಡಾಡ್ಜ್, ಮೂರು ಜೀಪಿನ ಭಾಗಗಳಿಂದ ಒಂದಾಗಿ ದೇವದುರ್ಗದ ಸಂತೆಗೆ ಓಡಿದ ವಿಲೀಸ್ ಈ ಪಟ್ಟಿಗೆ ಸೇರುವಂತಿಲ್ಲ. ಮಿಸ್ತ್ರಿ ಮಾಡಿದ ಪ್ರತಿಯೊಂದು ಕೆಲಸವೂ ಅವುಗಳ ಅರ್ಹತೆಯನ್ನು ಕಳೆದಿದೆ, ಅವುಗಳ ದಾರಿ ಗುಜರಿ ಅಂಗಡಿಗೆ.